ಒಬ್ಬನ ಕೈ ಮೇಲಿನ ಆಣೆಗಳು

ಕುಡಿತ ಬಿಡಿಸುವ ಕೆಲಸ ಮಾಡುತ್ತೇನೆ ಎಂದರೆ ಸಾಕು, ಬಸ್ಸಿನಲ್ಲಿ ಪಕ್ಕ ಕೂತವರು ನನ್ನ ಕಡೆ ಪೂರ್ತಿ ತಿರುಗಿಬಿಡುತ್ತಾರೆ. "ಏನ್ ಔಷಧ ಕೊಡ್ತೀರಿ ಅಕ್ಕಾರ?" ಔಷಧ ಡಾಕ್ಟರು ಕೊಡುತ್ತಾರೆ, ನಾನಲ್ಲ ಎನ್ನುತ್ತೇನೆ. "ಮತ್ತ ನೀವೇನ್ ಮಾಡ್ತೀರಿ?" ಕುಡಿಯುವವರ ಮನೆಗೆ ಹೋಗಿ ಕೂಡುತ್ತೇನೆ ಎನ್ನುತ್ತೇನೆ. ಅಲ್ಲಿಗೆ ಅವರ ಆಸಕ್ತಿ ಮುಗಿಯುತ್ತದೆ. ಬರೀ ಕೂಡುವುದಕ್ಕೂ ಪಗಾರ ಇದೆಯೇ ಎಂಬ ಮುಖ ಮಾಡಿಕೊಂಡು ಕಿಟಕಿಯ ಹೊರಗೆ ನೋಡತೊಡಗುತ್ತಾರೆ.

ಹದಿನಾಲ್ಕು ವರ್ಷದಿಂದ ನಾನು ಮಾಡುತ್ತಿರುವುದು ಅದನ್ನೇ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ತಾಲ್ಲೂಕಿನ ಹಳ್ಳಿಗಳಿಗೆ ನಮ್ಮ ವ್ಯಸನಮುಕ್ತಿ ಕೇಂದ್ರದಿಂದ ತಿರುಗುವವಳು ನಾನೊಬ್ಬಳೇ. ಹೀಗೆ ಭಾಗ ಮಾಡಿಕೊಟ್ಟ ಪುಣ್ಯಾತ್ಮ ಗೋಡೆಯ ಮೇಲಿನ ನಕಾಶೆ ನೋಡಿದ್ದನೇ ಹೊರತು ಬಸ್ ಸ್ಟ್ಯಾಂಡ್ ನೋಡಿರಲಿಲ್ಲ. ಬೆಳಿಗ್ಗೆ ಝಳಕಿಯಲ್ಲಿ ಒಬ್ಬನ ಹೆಂಡತಿಯ ಜೊತೆ ಮಾತಾಡಿ ಮಧ್ಯಾಹ್ನಕ್ಕೆ ಹೂವಿನ ಹಿಪ್ಪರಗಿಯಲ್ಲಿ ಇನ್ನೊಬ್ಬನ ತಾಯಿಯನ್ನು ಕಾಣಬೇಕೆಂದರೆ ನನಗೆ ರೆಕ್ಕೆ ಮೂಡಬೇಕು. ನಾನು ಇಂಡಿಯವಳು, ನಮ್ಮಪ್ಪನದು ನಿಂಬೆಹಣ್ಣಿನ ದಲಾಲಿ. ಸಿಟ್ಟು ಅಪ್ಪನಿಂದ ಬಂದದ್ದು, ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಬಾರದ ಗುಣ ಅಮ್ಮಿಯಿಂದ. ಈಗ ಬರೆಯುತ್ತಿರುವಾಗಲೂ ಸಿಟ್ಟು ಇದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನನ್ನ ಮೇಲೆಯೇ.

ಕೂಡುವುದು ಎಂದರೇನು ಎಂದು ಮೊದಲು ಹೇಳಿಬಿಡುತ್ತೇನೆ. ಮೊದಲ ಸಲ ಹೋದಾಗ ಕುಡಿತದ ಮಾತೇ ಎತ್ತಬಾರದು. ಎತ್ತಿದರೆ ಆತ ಎದ್ದು ಹೋಗುತ್ತಾನೆ, ಇಲ್ಲವೇ ನಾಳೆಯಿಂದಲೇ ಬಿಡುತ್ತೇನೆ ಎಂದು ಸುಳ್ಳು ಹೇಳುತ್ತಾನೆ. ಎರಡೂ ಒಂದೇ. ಆತನ ಕೆಲಸ ಏನು, ಯಾರ ಜೊತೆ ಕುಡಿಯುತ್ತಾನೆ, ಕೆಲಸಕ್ಕೆ ಮೊದಲೋ ಆಮೇಲೋ, ಹೆಂಡತಿ ಬಾಯಿ ಮಾಡುತ್ತಾಳೋ ಬಾಯಿ ಮುಚ್ಚಿಕೊಂಡಿದ್ದಾಳೋ, ಇವೆಲ್ಲ ತಿಳಿಯುವ ಹೊತ್ತಿಗೆ ನಾಲ್ಕೈದು ಸಲ ಹೋಗಿ ಬಂದಿರುತ್ತೇನೆ. ಬಿಡಬೇಕು ಅನ್ನಿಸುತ್ತದೆ ಎಂದು ಆತನೇ ಬಾಯಿಬಿಟ್ಟ ಮೇಲೆ ಡಾಕ್ಟರ ಹತ್ತಿರ ಕರೆದೊಯ್ಯುತ್ತೇನೆ. ಅಲ್ಲಿಂದ ಕೇಂದ್ರದಲ್ಲಿ ಕೆಲವು ವಾರ. ಆತ ಮನೆಗೆ ಮರಳಿದರೆ ಮಂದಿ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ನಮ್ಮ ಕೆಲಸ ಶುರುವಾಗುವುದೇ ಆಗ. ಹದಿನೈದು ದಿನಕ್ಕೊಮ್ಮೆ ಹೋಗಬೇಕು, ಮತ್ತೆ ಕೂಡಬೇಕು. ವರ್ಷಗಟ್ಟಲೆ.

ಸಿಂದಗಿಯಿಂದ ದೇವಣಗಾಂವ ಕಡೆ ಹೋಗುವ ದಾರಿಯ ಒಂದು ಊರಿನಲ್ಲಿ ಮೋಟಾರು ರಿಪೇರಿಯ ಮಿಸ್ತ್ರಿ ಒಬ್ಬ ಇದ್ದಾನೆ. ಬೋರ್‌ವೆಲ್ಲಿನ ಮೋಟಾರು ಸುಟ್ಟರೆ ಬಿಚ್ಚಿ, ಒಳಗಿನ ತಾಮ್ರದ ತಂತಿಯನ್ನು ಹೊಸದಾಗಿ ಸುತ್ತಿಕೊಡುವ ಕೆಲಸ. ಸುತ್ತ ಹತ್ತು ಊರಿಗೆ ಆತನ ಕೈ ಎಂದರೆ ಕೈ. ಈ ಕೆಲಸದಲ್ಲಿ ಒಂದು ಹಾಳು ಪದ್ಧತಿ ಇದೆ. ಮೋಟಾರು ಬೋರಿನೊಳಗೆ ಇಳಿದು ನೀರು ಬಂದ ದಿನ ಹೊಲದವರು ಮಿಸ್ತ್ರಿಗೆ ಅಲ್ಲೇ ಕೋಳಿ ಕೊಯ್ದು ಊಟ ಹಾಕಿ ಒಂದು ಬಾಟಲಿ ಇಡುತ್ತಾರೆ. ಬೇಡ ಅನ್ನುವ ಹಾಗಿಲ್ಲ. ಬೇಡವೆಂದರೆ ನೀರು ಬಂದ ಖುಷಿಗೆ ಕಲ್ಲು ಹಾಕಿದ ಹಾಗೆ. ವಾರಕ್ಕೆ ಮೂರು ಮೋಟಾರು ಇಳಿದರೆ ಮೂರು ಬಾಟಲಿ. ಇಪ್ಪತ್ತು ವರ್ಷ ಹೀಗೆ ನಡೆದ ಮೇಲೆ ಮಿಸ್ತ್ರಿಗೆ ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಬೇಕಾಗತೊಡಗಿತ್ತು.

ಮೊದಲ ಸಲ ನಾನು ಆತನ ಶೆಡ್ಡಿಗೆ ಹೋದಾಗ ತಲೆ ಎತ್ತದೆ ಕೇಳಿದ, "ಯಾವ ಊರಿಂದ ಬಂದೀರಿ ಅಕ್ಕಾರ? ಮೋಟಾರ್ ಎಲ್ಲೈತ್ರಿ?" ಮೋಟಾರು ತಂದಿಲ್ಲ, ನಿಮ್ಮ ಕೆಲಸ ನೋಡಲು ಬಂದೆ ಎಂದೆ. "ನೋಡಾಕ ಇದೇನ್ ಬಯಲಾಟೇನ್ರಿ?" ಅಂದ. ಕೂತೆ. ಮೂರು ಸಲ ಹಾಗೆಯೇ ಕೂತು, ಚಹಾ ಕುಡಿದು ಎದ್ದು ಬಂದೆ. ನಾಲ್ಕನೆಯ ಸಲ ಆತ ಎರಡೂ ಕೈ ನನ್ನ ಮುಂದೆ ಚಾಚಿದ. ಬೆರಳು ಥರಥರ ನಡುಗುತ್ತಿದ್ದವು. "ಮುಂಜಾನಿ ಒಂದ್ ಗ್ಲಾಸ್ ಹೊಟ್ಟಿಗೆ ಹೋಗದ ಈ ಕೈ ತಂತಿ ಹಿಡಿಯೂದಿಲ್ರಿ. ಗ್ಲಾಸ್ ಹೋತಂದ್ರ ಎಷ್ಟ ಸುತ್ತ ಸುತ್ತಿದ್ನಿ ಅಂತ ನೆನಪಿರೂದಿಲ್ರಿ. ನಾ ಏನ್ ಮಾಡಲ್ರಿ?" ಅಷ್ಟು ಕೇಳಿಸಿಕೊಳ್ಳುವುದಕ್ಕೆ ನಾನು ಎರಡು ತಿಂಗಳು ಓಡಾಡಿದ್ದೆ.

ಆತ ಬಿಟ್ಟ. ಸುಲಭವಾಗಿ ಬಿಟ್ಟ ಎನ್ನಲಾರೆ. ಡಾಕ್ಟರ ಔಷಧ, ಕೇಂದ್ರದಲ್ಲಿ ಒಂದು ತಿಂಗಳು, ಅಲ್ಲಿಂದ ಮನೆ. ಆತನ ಹೆಂಡತಿ ಜೋಳದ ರೊಟ್ಟಿ ಬಡಿದು ಸಿಂದಗಿಯ ಖಾನಾವಳಿಗಳಿಗೆ ಕಳಿಸುವ ಗಟ್ಟಿ ಹೆಂಗಸು. ನಾವು ಮೂವರೂ ಕೂತು ಒಂದು ಉಪಾಯ ಮಾಡಿದೆವು. ಮೋಟಾರು ಇಳಿಸುವ ದಿನ ಆಕೆ ಬುತ್ತಿ ಕಟ್ಟಿಕೊಡುವುದು, ನೀರು ಬಂದ ಕೂಡಲೇ ಈತ "ಮನ್ಯಾಗ ಪಥ್ಯ ಐತ್ರಿ" ಎಂದು ಬೈಕು ಹತ್ತುವುದು. ನಡೆಯಿತು. ಹದಿನೈದು ದಿನಕ್ಕೊಮ್ಮೆ ಗುರುವಾರ ನಾನು ಹೋಗುತ್ತಿದ್ದೆ. ಈ ಸಲ ಯಾವ ಹೊಲದಲ್ಲಿ ಯಾರು ಎಷ್ಟು ಒತ್ತಾಯ ಮಾಡಿದರು, ಎಲ್ಲಿ ಬಾಯಲ್ಲಿ ನೀರು ಬಂತು, ಎಲ್ಲ ಹೇಳುತ್ತಿದ್ದ. ಏಳು ತಿಂಗಳು ಹೀಗೆ.

ಆಮೇಲೆ ನಮಗೆಲ್ಲ ಬುದ್ಧಿ ಕೆಟ್ಟಿತು.

ಊರಿನ ತರುಣ ಮಂಡಳಿಯವರು ಹೊಸ ವಾಚನಾಲಯದ ಉದ್ಘಾಟನೆಯ ದಿನ ಮಿಸ್ತ್ರಿಗೆ ಸನ್ಮಾನ ಮಾಡುತ್ತೇವೆ ಎಂದರು. ನಮ್ಮ ಕಡೆ ಯಾರಾದರೂ ಸೀನಿದರೂ ಶಾಲು ಹೊದಿಸುತ್ತಾರೆ, ಅದು ಬೇರೆ ಮಾತು. ನಮ್ಮ ಕೇಂದ್ರದ ಸಾಹೇಬರಂತೂ ಕುಣಿದಾಡಿದರು. ವರದಿಗೆ ಒಂದು ಒಳ್ಳೆಯ ಫೋಟೊ ಬೇಕಾಗಿತ್ತಲ್ಲ! ಮಿಸ್ತ್ರಿ ಮಾತ್ರ "ಬ್ಯಾಡ್ರಿ ಅಕ್ಕಾರ, ನನಗ ಮಂದ್ಯಾಗ ನಿಂದ್ರಾಕ ಆಗಂಗಿಲ್ಲ" ಎಂದ. ನಾನೇ ಒತ್ತಾಯ ಮಾಡಿದೆ. "ನಿಮ್ಮನ್ನ ನೋಡಿ ನಾಕ್ ಮಂದಿಗೆ ಬುದ್ಧಿ ಬರ್ಲಿ" ಎಂದೆ. ಹೊಲದವರು ಬಾಟಲಿ ಮುಂದಿಟ್ಟು ಒತ್ತಾಯ ಮಾಡಿದರೆ ಬೈಯುವ ನಾನು, ಶಾಲು ಮುಂದಿಟ್ಟು ಅದನ್ನೇ ಮಾಡಿದೆ. ಆತ ವೇದಿಕೆ ಹತ್ತಿ ಎರಡು ಮಾತು ತಡವರಿಸಿ ಇಳಿದ. ಜನ ಬಹಳ ಹೊತ್ತು ಚಪ್ಪಾಳೆ ಹೊಡೆದರು. ನಾನೂ ಹೊಡೆದೆ.

ಮೂರನೆಯ ದಿನ ಪಕ್ಕದ ಓಣಿಯ ಹೆಣ್ಣುಮಗಳೊಬ್ಬಳು ತನ್ನ ಗಂಡನನ್ನು ರಟ್ಟೆ ಹಿಡಿದು ಶೆಡ್ಡಿಗೆ ಎಳೆದು ತಂದಳು. "ಅಣ್ಣಾರ, ಇಂವಾ ನಿಮ್ಮ ಕೈ ಮ್ಯಾಲ ಕೈ ಇಟ್ಟು ಆಣಿ ಮಾಡ್ಲಿ. ಗುಡ್ಯಾಗ ಮಾಡಿದ ಆಣಿ ಎಂಟ ದಿನಾ ತಡೀಲಿಲ್ಲ. ನಿಮ್ಮ ಆಣಿ ತಡೀತೈತಿ." ನಮ್ಮ ಸೀಮೆಯಲ್ಲಿ ಆಣೆ ಎಂದರೆ ಆಟವಲ್ಲ. ನಮ್ಮ ಮನೆಯಲ್ಲಿ ದರ್ಗಾದ ಚಾದರ ಮುಟ್ಟಿ ಹೇಳಿದ ಮಾತಿಗೆ ಇರುವ ತೂಕವೇ ನೆರೆಮನೆಯಲ್ಲಿ ದೇವರ ಭಂಡಾರದ ಅರಿಸಿನ ಮುಟ್ಟಿ ಹೇಳಿದ ಮಾತಿಗೂ ಇದೆ. ಆದರೆ ಬದುಕಿರುವ ಮನುಷ್ಯನೊಬ್ಬನ ಕೈ ಮುಟ್ಟಿ ಕುಡಿತ ಬಿಡುವ ಆಣೆ ಮಾಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಮಿಸ್ತ್ರಿ ನಾಚಿಕೊಂಡು ಒಳಗೆ ಹೋದನಂತೆ. ಆಕೆ ಬಾಗಿಲಲ್ಲೇ ಕೂತು ಅತ್ತಳಂತೆ. ಕೊನೆಗೆ ಕೈ ಚಾಚಿದ. ಆ ಗಂಡ ನಿಜವಾಗಿಯೂ ಕುಡಿಯುವುದನ್ನು ನಿಲ್ಲಿಸಿದ.

ಅಷ್ಟಾದರೆ ಸಾಕಲ್ಲ. ಮುಂದಿನ ಸೋಮವಾರ ಇಬ್ಬರು ಬಂದರು. ಅದರ ಮುಂದಿನ ಸೋಮವಾರ ಮುದ್ದೇಬಿಹಾಳದ ಕಡೆಯಿಂದ ಬೀಗರ ಬೀಗರ ಮಾತು ಕೇಳಿ ಒಂದು ಕುಟುಂಬ ಬಂತು. ಸೋಮವಾರ ಬೆಳಿಗ್ಗೆ ಶೆಡ್ಡಿನ ಮುಂದೆ ಚಪ್ಪಲಿ ಬಿಟ್ಟು ಒಳಗೆ ಹೋಗುವ ಪದ್ಧತಿ ಯಾರು ಶುರು ಮಾಡಿದರೋ ಗೊತ್ತಿಲ್ಲ. ತಂತಿ ಸುತ್ತುವ ಯಂತ್ರಕ್ಕೆ ಕುಂಕುಮ ಬಿತ್ತು. ನಾನು ಮೊದಲು ನಕ್ಕೆ. ಆಮೇಲೆ, ಸುಳ್ಳೇಕೆ ಹೇಳಲಿ, ನನಗೆ ಖುಷಿಯಾಯಿತು. ನಾನು ಐದು ಸಲ ಹೋಗಿ ಕೂತರೂ ಆಗದ ಕೆಲಸ ಆತನ ಕೈ ಮುಟ್ಟಿದ ಕೂಡಲೇ ಆಗುತ್ತದಲ್ಲ, ನಡೆಯಲಿ ಬಿಡು ಎಂದುಕೊಂಡೆ.

ಹೂವಿನ ಹಿಪ್ಪರಗಿಯ ಆಚೆಯ ಊರಿನಲ್ಲಿ ಮಿರ್ಚಿ ಭಜಿ ಮಾಡುವವನೊಬ್ಬ ನನ್ನ ಪಟ್ಟಿಯಲ್ಲಿದ್ದ. ಒಂದೇ ಒಂದು ಸಲ ಹೋಗಿದ್ದೆ. ಭಜಿಯ ತಾಟು ನನ್ನ ಮುಂದಿಟ್ಟು ಬೆನ್ನು ತಿರುಗಿಸಿ ಕೂತ ಮನುಷ್ಯ ಮಾತಾಡಲೇ ಇಲ್ಲ. ಆ ಊರಿಗೆ ದಿನಕ್ಕೆರಡೇ ಬಸ್ಸು, ನನ್ನ ಮಂಡಿ ನೋವು ಬೇರೆ. ಇನ್ನೂ ನಾಲ್ಕು ಸಲ ಅಲ್ಲಿಗೆ ಹೋಗಿ ಕೂಡುವ ಬದಲು ಆತನ ಹೆಂಡತಿಗೆ ಫೋನು ಮಾಡಿ, ಸೋಮವಾರ ಗಂಡನನ್ನು ಕರೆದುಕೊಂಡು ಸಿಂದಗಿಗೆ ಬಾ ಎಂದೆ. ಬಸ್ ಸ್ಟ್ಯಾಂಡಿನಿಂದ ನಾನೇ ಶೆಡ್ಡಿಗೆ ಕರೆದೊಯ್ದೆ. ಭಜಿಯವ ಮಿಸ್ತ್ರಿಯ ಕೈ ಮೇಲೆ ಕೈ ಇಟ್ಟ. ಮಿಸ್ತ್ರಿ ಆತನ ಕೈ ಹಿಡಿದುಕೊಂಡು ಕಣ್ಣೀರು ಹಾಕಿದ. ನಾನು ಬಾಗಿಲ ಹತ್ತಿರ ನಿಂತು ಮೊಬೈಲಿನಲ್ಲಿ ಫೋಟೊ ತೆಗೆದೆ. ಸಾಹೇಬರು ನೋಡಿ ಹೆಬ್ಬೆರಳಿನ ಚಿತ್ರ ಕಳಿಸಿದರು.

ಇದರ ನಡುವೆ ನಾನು ಗುರುವಾರ ಹೋಗುವುದನ್ನು ಬಿಟ್ಟಿದ್ದೆ. ಹನ್ನೊಂದು ಮಂದಿಗೆ ಆಣೆ ಕೊಟ್ಟವನ ಮನೆಗೆ ಹೋಗಿ "ಈ ವಾರ ಬಾಯಲ್ಲಿ ನೀರು ಬಂತಾ" ಎಂದು ಕೇಳುವುದು ಹೇಗೆ? ಫೋನು ಮಾಡಿದರೆ "ಚಲೋ ಅದೀನ್ರಿ ಅಕ್ಕಾರ" ಅನ್ನುತ್ತಿದ್ದ. ಚಲೋ ಇದ್ದಾನೆ ಎಂದು ರಿಜಿಸ್ಟರಿನಲ್ಲಿ ಬರೆಯುತ್ತಿದ್ದೆ. ನಾಲ್ಕು ತಿಂಗಳು ಹಾಗೆಯೇ ಬರೆದೆ.

ಒಂದು ಬುಧವಾರ ಬೆಳಿಗ್ಗೆ ಮಿಸ್ತ್ರಿಯ ಹೆಂಡತಿಯ ಫೋನು ಬಂತು. ಅದೂ ಇದೂ ಮಾತಾಡಿದಳು. ಕಡೆಗೆ, "ಅಕ್ಕಾರ, ಒಂದ್ ಮಾತು ಕೇಳ್ತೇನಿ. ಕುಡಿಯೂದು ಬಿಟ್ಟ ಮ್ಯಾಲ ಮೈ ನಡುಗೂದು ಎಷ್ಟ ದಿನಕ್ಕ ನಿಲ್ಲತೈತ್ರಿ?"

"ಯಾರಿಗೆ?"

"ನಮ್ಮ ಅಣ್ಣಗ್ರಿ."

ನಾಲ್ವರು ಅಕ್ಕತಂಗಿಯರ ನಡುವೆ ಹುಟ್ಟಿದವಳು ಆಕೆ. ಅಣ್ಣನೂ ಇಲ್ಲ, ತಮ್ಮನೂ ಇಲ್ಲ. ಆ ಮನೆಯಲ್ಲಿ ಏಳು ತಿಂಗಳು ಕೂತವಳಿಗೆ ಅಷ್ಟೂ ಗೊತ್ತಿರಲಿಲ್ಲವೇ! ಫೋನು ಇಟ್ಟು ಸೀದಾ ಬಸ್ಸು ಹತ್ತಿದೆ.

ಹೋದಾಗ ಮಧ್ಯಾಹ್ನ. ಶೆಡ್ಡಿನ ಷಟರು ಕೆಳಗಿತ್ತು. ಮನೆಯ ಬಾಗಿಲಿಗೆ ಹೊರಗಿನಿಂದ ಚಿಲಕ. ಆಕೆ ಕಟ್ಟೆಯ ಮೇಲೆ ಕೂತಿದ್ದಳು, ನನ್ನನ್ನು ಕಂಡು ಎದ್ದು ಬಾಗಿಲಿಗೆ ಅಡ್ಡ ನಿಂತಳು.

"ಕಾಮಣಿ ಆಗೈತ್ರಿ ಅವ್ರಿಗೆ. ಮಲಗ್ಯಾರ."

"ಕಾಮಾಲೆ ಆದವ್ರನ್ನ ಹೊರಗಿಂದ ಚಿಲಕಾ ಹಾಕಿ ಮಲಗಸ್ತಾರೇನು? ಸರಿ ಅತ್ತಾಗ."

ಒಳಗೆ ಮಿಸ್ತ್ರಿ ಗೋಡೆಗೆ ಒರಗಿ ಕೂತಿದ್ದ. ಅಂಗಿ ನೀರಿನಲ್ಲಿ ಅದ್ದಿದ ಹಾಗೆ ಬೆವರಿಗೆ ತೊಯ್ದಿತ್ತು. ತೊಡೆಯ ಮೇಲೆ ಕೌದಿ ಹರವಿಕೊಂಡು, ಅದರ ಮೇಲಿಂದ ಇಲ್ಲದ ತಂತಿಯನ್ನು ಒಂದೊಂದೇ ಎತ್ತಿ ಪಕ್ಕಕ್ಕೆ ಇಡುತ್ತಿದ್ದ. "ತಂತಿ ಕಡದಾವ್ರಿ, ಎಲ್ಲಾ ಕಡದಾವು" ಎಂದ. ನನ್ನನ್ನು ಗುರುತಿಸಿದನೋ ಇಲ್ಲವೋ ತಿಳಿಯಲಿಲ್ಲ. ಬಹಳ ದಿನ ಜೋರಾಗಿ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಎರಡನೆಯ ಮೂರನೆಯ ದಿನಕ್ಕೆ ಹೀಗೆ ಇಲ್ಲದ್ದು ಕಾಣತೊಡಗುತ್ತದೆ, ಫಿಟ್ಸ್ ಬರುತ್ತದೆ, ಜೀವವೂ ಹೋಗಬಹುದು. ಅದಕ್ಕೇ ಡಾಕ್ಟರ ಕಣ್ಣೆದುರು ಬಿಡಿಸಬೇಕು ಎಂದು ನಾವು ಬಾಯಿ ಬಡಿದುಕೊಳ್ಳುವುದು. ಇದನ್ನು ನಾನು ಈ ಹೆಂಗಸಿಗೇ ಎಷ್ಟು ಸಲ ಹೇಳಿಲ್ಲ!

"ಯಾವಾಗಿಂದ ಕುಡ್ಯಾಕತ್ತಾರ?"

"ಸನ್ಮಾನ ಆಗಿ ತಿಂಗಳಿಗೇ ಶುರು ಆತ್ರಿ." ಆಕೆ ಈಗ ಅಳುತ್ತಿದ್ದಳು. "ಸ್ವಾಮಾರ ಬಂತಂದ್ರ ಎದಿ ಒಡಕೊಂತಿದ್ರು. ಮಂದಿ ಕಾಲಿಗೆ ಬೀಳೂದು, ಇವ್ರು ಒಳಗ ಬಂದು ಗಟಗಟ ಕುಡಿಯೂದು. ನನ್ನ ಕೈ ಮುಟ್ಟಿ ಮಂದಿ ಬದುಕಾಕತ್ತಾರ, ನಾ ಹಿಂಗ್ ಅದೀನಿ ಅಂತ ತಲಿ ಚಚ್ಚಿಕೊಂತಿದ್ರು. ಮೊನ್ನೆ ತಾವ ಅಂದ್ರು, ನನ್ನ ಒಳಗ ಹಾಕಿ ಚಿಲಕಾ ಹಾಕು, ಸ್ವಾಮಾರದೊಳಗ ಸರಿ ಆಗ್ತೇನಿ ಅಂತ."

"ಸ್ವಾಮಾರ ನೋಡಾಕ ಇವ್ರು ಇರಬೇಕಲ್ಲ! ಮುಂಜಾನಿ ಫೋನ್ ಮಾಡ್ದಾಗ ಖರೇ ಹೇಳಾಕ ಏನಾಗಿತ್ತು ನಿನಗ?"

"ಹೇಳಿದ್ರ ನೀವು ದವಾಖಾನಿಗೆ ಒಯ್ತಿದ್ರಿ. ಒಯ್ದ್ರ ಮಂದಿಗೆ ಗೊತ್ತಾಕ್ಕಿತ್ತು. ಹನ್ನೊಂದ್ ಮನಿ ಆಣಿ ಅದಾವ್ರಿ ಆ ಕೈ ಮ್ಯಾಲ."

ಆಕೆಯನ್ನು ಹಿಡಿದು ಅಲುಗಾಡಿಸಬೇಕು ಅನ್ನಿಸಿತು. ಅಲುಗಾಡಿಸಲಿಲ್ಲ. ಅವಳ ಗಂಡನನ್ನು ವೇದಿಕೆ ಹತ್ತಿಸಿದವಳು ನಾನೇ ಎಂಬುದು ಅಷ್ಟರಲ್ಲಿ ನೆನಪಾಯಿತು.

ಬಾಡಿಗೆಯ ಟಂಟಂ ಆಟೊ ಕರೆಸಿದೆ. ನಮ್ಮ ಊರುಗಳಲ್ಲಿ ಯಾರ ಮನೆಯ ಮುಂದಾದರೂ ಖಾಲಿ ಟಂಟಂ ನಿಂತರೆ ಐದು ನಿಮಿಷದಲ್ಲಿ ಓಣಿಯೇ ನೆರೆಯುತ್ತದೆ. ನಾನು ಮತ್ತು ಚಾಲಕ ಮಿಸ್ತ್ರಿಯ ಎರಡೂ ತೋಳು ಹಿಡಿದು ಹೊರಗೆ ತರುವಾಗ ಹೆಂಗಸರು ನಿಂತಿದ್ದರು. ಅವರಲ್ಲಿ ಮೂವರು ಆಣೆ ಮಾಡಿಸಿದವರು. ಪಕ್ಕದ ಓಣಿಯ ಆ ಮೊದಲನೆಯವಳು ಸೀದಾ ಬಂದು ಟಂಟಂ ಮುಂದೆ ನಿಂತಳು.

"ಎಲ್ಲಿಗೆ ಒಯ್ಯಾಕತ್ತೀರಿ ಅಕ್ಕಾರ?"

"ದವಾಖಾನಿಗೆ. ದಾರಿ ಬಿಡು."

"ಒಯ್ಯಬ್ಯಾಡ್ರಿ. ಇವ್ರು ಕುಡಿದ್ರಂತ ನಮ್ಮ ಮನಿಯವ್ರ ಕಿವಿಗೆ ಬಿದ್ರ ಇವತ್ತ ಸಂಜಿಕ ಬಾಟ್ಲಿ ಹಿಡೀತಾರ. ಐದ್ ತಿಂಗಳಾತ್ರಿ, ನನ್ನ ಮನ್ಯಾಗ ಒಂದ್ ಏಟು ಬಿದ್ದಿಲ್ಲ, ಒಂದ್ ಬೈಗುಳ ಇಲ್ಲ. ಡಾಕ್ಟರ್‌ನ್ನ ಇಲ್ಲೇ ಕರಸ್ರಿ. ಕದಾ ಮುಚ್ಚಿ ನೋಡ್ಲಿ. ನಿಮ್ಮ ಕಾಲಿಗೆ ಬೀಳ್ತೇನಿ."

ನಿಜವಾಗಿಯೂ ಕಾಲಿಗೆ ಬಿದ್ದಳು. ಅವಳ ಮಾತು ಸುಳ್ಳಲ್ಲ. ಅವಳಿಗೆ ಆ ಐದು ತಿಂಗಳು ಬಂದದ್ದು ಎಲ್ಲಿಂದ ಎಂದು ನನಗೆ ಗೊತ್ತು. ಆದರೆ ಮಿಸ್ತ್ರಿಯ ಮೈ ನನ್ನ ಕೈಯಲ್ಲಿ ಮೋಟಾರಿನ ಹಾಗೆ ಅದುರುತ್ತಿತ್ತು. ನನ್ನ ತಲೆ ಕೆಟ್ಟಿತು. "ಸತ್ತ ಮ್ಯಾಲ ಸಮಾಧಿ ಕಟ್ಟಸ್ರಿ. ಅದರ ಮ್ಯಾಲ ಕೈ ಇಟ್ಟು ನಿಮ್ಮ ಗಂಡಂದ್ರ ಕಡಿಂದ ಆಣಿ ಮಾಡಸ್ರಿ. ಆಗ ಕೈ ನಡಗೂದಿಲ್ಲ!" ಎಂದು ಕಿರುಚಿಬಿಟ್ಟೆ. ಹದಿನಾಲ್ಕು ವರ್ಷದಲ್ಲಿ ಯಾರ ಮನೆಯ ಹೆಣ್ಣುಮಗಳಿಗೂ ಅಂಥ ಮಾತು ಆಡಿರಲಿಲ್ಲ.

ನನ್ನ ಕೂಗಿಗೋ ಏನೋ, ಮಿಸ್ತ್ರಿಗೆ ಎಚ್ಚರ ಬಂತು. ಟಂಟಂ ಸೀಟಿನ ಕಂಬಿ ಹಿಡಿದುಕೊಂಡು ಆ ಹೆಂಗಸಿನ ಕಡೆ ತಿರುಗಿ, "ನಾ ಕುಡದೇನಿ ಯವ್ವಾ. ಭಾಳ ದಿನದಿಂದ ಕುಡ್ಯಾಕತ್ತೇನಿ" ಎಂದ. ಎಲ್ಲರಿಗೂ ಕೇಳಿಸುವ ಹಾಗೆ ಎಂದ. ಆಕೆ ಎದ್ದು ಸೆರಗು ಕೊಡವಿಕೊಂಡು ಪಕ್ಕಕ್ಕೆ ಸರಿದಳು. ನನ್ನ ಕಡೆ ನೋಡಲಿಲ್ಲ.

ಸಿಂದಗಿಯ ಆಸ್ಪತ್ರೆಯ ಬಾಗಿಲಲ್ಲೇ ಆತನಿಗೆ ಫಿಟ್ಸ್ ಬಂತು. ಇನ್ನು ಅರ್ಧ ತಾಸು ಮನೆಯಲ್ಲೇ ಇದ್ದಿದ್ದರೆ ಏನಾಗುತ್ತಿತ್ತೋ ಹೇಳಲಾಗದು ಎಂದರು ಡಾಕ್ಟರು. ಉಳಿದ. ನಾಲ್ಕನೆಯ ದಿನ ಕಣ್ಣು ಸ್ವಚ್ಛವಾಗಿ ಬಿಟ್ಟು ನನ್ನನ್ನು ನೋಡಿ ಕೇಳಿದ ಮೊದಲ ಮಾತು, "ಹನ್ನೊಂದ್ ಮಂದಿಗೂ ಗೊತ್ತಾತೇನ್ರಿ?"

"ಕೆಲವ್ರಿಗೆ ಆಗೈತಿ."

"ನೀವ ಹೋಗಿ ಹೇಳ್ರಿ ಅಕ್ಕಾರ. ಅವ್ರಿವ್ರ ಬಾಯಿಂದ ಹೋಗೂದು ಬ್ಯಾಡ. ಕುಡದಾನ ಅಂತನೂ ಹೇಳ್ರಿ, ದವಾಖಾನ್ಯಾಗ ಅದಾನ ಅಂತನೂ ಹೇಳ್ರಿ. ಆಣಿ ತಿರುಗಿ ಕೊಟ್ಟಾನಂತ ಹೇಳ್ರಿ."

ಹೋದೆ. ಮತ್ತೆ ಅದೇ ಬಸ್ಸು, ಅದೇ ಮಂಡಿ. ಪಕ್ಕದ ಓಣಿಯವಳ ಗಂಡ ಅಂದು ಸಂಜೆಯೇ ಬಾಟಲಿ ಹಿಡಿದಿದ್ದ, ಆಕೆ ಹೇಳಿದ್ದು ಹೇಳಿದ ಹಾಗೆಯೇ ಆಗಿತ್ತು. ಅವಳ ಕೆನ್ನೆ ಬಾತಿತ್ತು. ಬಾಗಿಲಲ್ಲೇ ನಿಲ್ಲಿಸಿ, "ನಿಮಗ ಒಬ್ಬಾಂವ ಉಳದ, ಅಲ್ರಿ? ಆತು, ಹೋಗ್ರಿ" ಎಂದಳು. ಇನ್ನೂ ಇಬ್ಬರು "ಮಿಸ್ತ್ರಿನ ಕುಡದಾನಂದ್ರ ನಮ್ದೇನ್ರಿ ಅಕ್ಕಾರ" ಎಂದು ಹಲ್ಲು ಕಿರಿದರು. ಒಂದು ಆಣೆ ಮುರಿಯಲು ಅವರು ಕಾರಣ ಕಾಯುತ್ತಿದ್ದರು, ಕಾರಣ ಸಿಕ್ಕಿತ್ತು. ಮುದ್ದೇಬಿಹಾಳದ ಕಡೆಯ ಮನೆಯಲ್ಲಿ ಕದ ತೆಗೆಯಲಿಲ್ಲ. ಕಟ್ಟೆಯ ಮೇಲೆ ಒಂದು ತಾಸು ಕೂತು ಎದ್ದು ಬಂದೆ. ಒಂದೊಂದು ಮನೆಯಲ್ಲೂ ನಾನು ಮಾಡಬೇಕಾಗಿದ್ದ ಐದು ಭೇಟಿಗಳನ್ನು ಮಾಡದೆ ಬಿಟ್ಟದ್ದು ಕಣ್ಣಿಗೆ ಹೊಡೆಯುತ್ತಿತ್ತು. ಈ ಮನುಷ್ಯರ ಕೆಲಸವೇನು, ಯಾರ ಜೊತೆ ಕುಡಿಯುತ್ತಾರೆ ಎಂದು ಕೂಡ ನನಗೆ ತಿಳಿದಿರಲಿಲ್ಲ. ಹೆಸರು, ಊರು, ಒಂದು ಫೋಟೊ, ಅಷ್ಟೇ ನನ್ನ ಫೈಲಿನಲ್ಲಿ ಇದ್ದದ್ದು.

ಕೊನೆಗೆ ಉಳಿದವನು ಭಜಿಯವ. ಬಾಗೇವಾಡಿಯಲ್ಲಿ ಬಸ್ಸು ಬದಲಿಸಿ ಆ ಊರು ಮುಟ್ಟಿದಾಗ ಮೂರು ಗಂಟೆ. ಆತ ಒಲೆಯ ಮುಂದೆ ಮೆಣಸಿನಕಾಯಿ ಸೀಳುತ್ತಿದ್ದ. ಮುಖ ತಿಳಿಯಾಗಿತ್ತು, ಕಣ್ಣಿನ ಕೆಂಪು ಇರಲಿಲ್ಲ. ಈತ ಕುಡಿದಿಲ್ಲ ಎಂದು ನೋಡಿದ ಕೂಡಲೇ ತಿಳಿಯಿತು. ಆದರೆ ಇಷ್ಟು ದೂರದ ಊರಿಗೆ ಸುದ್ದಿ ಇನ್ನೂ ಬಂದಿರಲಿಕ್ಕಿಲ್ಲ ಅಂದುಕೊಂಡೆ. ಹೇಳಿ ಕೆಡಿಸುವವಳು ನಾನೇ ಆಗಬೇಕಲ್ಲ! ಬೆಂಚಿನ ಮೇಲೆ ಕೂತು ಎಲ್ಲ ಹೇಳಿದೆ. ಮಿಸ್ತ್ರಿ ಕುಡಿಯುತ್ತಿದ್ದ, ಸಾಯುವ ಹಾಗಾಗಿತ್ತು, ಆಸ್ಪತ್ರೆಯಲ್ಲಿದ್ದಾನೆ, ನಿಮ್ಮ ಆಣೆ ತಿರುಗಿ ಕೊಟ್ಟಿದ್ದಾನೆ ಎಂದೆ.

ಆತ ಚಾಕು ಕೆಳಗಿಟ್ಟ. "ಜೀವಕ್ಕೇನು ಧೋಕಾ ಇಲ್ಲಲ್ರಿ ಈಗ?"

"ಇಲ್ಲ."

"ಚಲೋ ಆತ್ರಿ. ಒಂದಿನಾ ಹಿಂಗ ಆಗತೈತಿ ಅಂತ ನನಗ ಅನಿಸಿತ್ತು."

"ಅನಿಸಿತ್ತು ಅಂದ್ರ?"

"ನಾ ಆಣಿ ಮಾಡಿದ ದಿನಾನ ಅವ್ರು ಕುಡದಿದ್ರಲ್ರಿ. ಕೈ ಹಿಡಕೊಂಡು ಮಾರಿ ಹತ್ರ ತಂದ್ರು, ವಾಸನಿ ಬಡೀತು. ಕುಡಿಯಾವ್ರಿಗೆ ಗೊತ್ತಾಗೂದಿಲ್ಲೇನ್ರಿ? ಅಷ್ಟ ಕುಡದೂ ನನ್ನ ಕೈ ಹಿಡದು, ಬ್ಯಾಡ ತಮ್ಮಾ, ನನ್ನಂಗ ಆಗಬ್ಯಾಡ ಅಂತ ಅತ್ರು. ಅದು ನನ್ನ ಎದಿಗೆ ಹತ್ತಿತ್ರಿ. ಅದಕ್ಕ ಬಿಟ್ನಿ. ಆಣಿಗೆ ಅಲ್ಲ."

ಗುರುವಾರ ನನ್ನ ಹತ್ತಿರ ಹೇಳಿಕೊಳ್ಳಬೇಕಾಗಿದ್ದ ಮಾತನ್ನು ಮಿಸ್ತ್ರಿ ಆ ದಿನ ಈ ಅಪರಿಚಿತನಿಗೆ ಹೇಳಿದ್ದ. ಕೇಳಬೇಕಾದ ನಾನು ಬಾಗಿಲಲ್ಲಿ ನಿಂತು ಫೋಟೊ ತೆಗೆಯುತ್ತಿದ್ದೆ.

"ನೀವು ಯಾರಿಗೂ ಯಾಕ ಹೇಳಲಿಲ್ಲ?" ಎಂದೆ. ನನ್ನ ದನಿ ಏರಿತ್ತು. "ನನಗ ಒಂದ್ ಮಾತು ಹೇಳಿದ್ರ ಅವತ್ತ ದವಾಖಾನಿಗೆ ಒಯ್ತಿದ್ನಲ್ಲ!"

ಆತನಿಗೆ ನಿಜವಾಗಿ ಆಶ್ಚರ್ಯವಾಯಿತು. ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು ನನ್ನನ್ನು ನೋಡಿದ.

"ನಿಮಗ ಏನಂತ ಹೇಳೂದ್ರಿ ಅಕ್ಕಾರ? ನೀವು ಅಲ್ಲೇ ನಿಂತಿದ್ರಿ. ಹತ್ತಾರು ವರ್ಷ ಇದನ್ನ ಮಾಡಿಕೊಂತ ಬಂದವ್ರು. ಅಕ್ಕಾರಿಗೆ ಎಲ್ಲಾ ಗೊತ್ತೈತಿ, ನಮ್ಮಂಥವ್ರು ನಾಕ್ ಮಂದಿ ಬಿಡ್ಲಿ ಅಂತ ಸುಮ್ಮನದಾರ ಅಂತ ನಾವ್ ತಿಳಕೊಂಡ್ವಿ. ನನ್ನ ಹೆಂಡ್ತಿನೂ ಹಂಗ ಅಂದ್ಲು."

ನನಗೆ ಗೊತ್ತಿರಲಿಲ್ಲ ಎಂದೆ.

ಆತ ಒಂದು ತಾಟಿನಲ್ಲಿ ನಾಲ್ಕು ಭಜಿ ಹಾಕಿ, ಮರ್ಯಾದೆಯಿಂದ ನನ್ನ ಮುಂದಿಟ್ಟು, ಮತ್ತೆ ಮೆಣಸಿನಕಾಯಿ ಸೀಳತೊಡಗಿದ. ಆತ ನನ್ನ ಮಾತು ನಂಬಲಿಲ್ಲ.